ವಿನ್ಯಾಸ ವಿಮರ್ಶೆಯ ಅರ್ಥ ಮತ್ತು ಪ್ರಯೋಜನ

೧

ಯಂತ್ರವಾಗಲಿ, ಸೇತುವೆಯಾಗಲಿ, ಅಣೆಕಟ್ಟಾಗಲಿ ನಿರ್ಮಾಣವಾಗುವುದಕ್ಕೆ ಮೊದಲು ಅದರ ನಕ್ಷೆಗಳನ್ನೂ ಲೆಕ್ಕಗಳನ್ನೂ ಅವನ್ನು ರಚಿಸಿದವರಲ್ಲದ ಬೇರೆ ಬಲ್ಲವರ ಮುಂದಿಟ್ಟು ಗುಣದೋಷಗಳನ್ನು ವಿಚಾರಿಸುವ ಪದ್ಧತಿಯೊಂದು ಆಧುನಿಕ ಕೈಗಾರಿಕೆಯಲ್ಲಿ ರೂಢಿಗೆ ಬಂದಿದೆ. ಇಂಜಿನಿಯರುಗಳು ಇದನ್ನು ‘ಡಿಸೈನ್ ರಿವ್ಯೂ’ ಎನ್ನುತ್ತಾರೆ. ಕನ್ನಡದಲ್ಲಿ ‘ವಿನ್ಯಾಸ ಪರಿಶೀಲನೆ’ ಎಂಬ ಮಾತು ಬಳಕೆಯಲ್ಲಿರುವುದುಂಟು. ಆದರೆ ಪರಿಶೀಲನೆಯೆಂದೊಡನೆ ಕಡತ, ಸಹಿ, ಮೊಹರು ಇವು ನೆನಪಿಗೆ ಬರುತ್ತವೆ. ಒಬ್ಬರು ಬರೆದುದನ್ನು ಮತ್ತೊಬ್ಬರು ನೋಡಿ ಸರಿಯಿದೆಯೆಂದು ಹೇಳುವ ಕೆಲಸವೆಂಬ ಭಾವನೆ ಮೂಡುತ್ತದೆ. ಆ ಪದ್ಧತಿಗೆ ಈ ಭಾವನೆಯೇ ದೊಡ್ಡ ಶತ್ರುವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಆದುದರಿಂದ ಇಲ್ಲಿ ‘ವಿನ್ಯಾಸ ವಿಮರ್ಶೆ’ ಎಂಬ ಪದವನ್ನು ಬುದ್ಧಿಪೂರ್ವಕವಾಗಿಯೇ ಬಳಸಿದೆ.

ವಿಮರ್ಶೆಯೆಂಬುದು ಸಾಹಿತ್ಯಕ್ಕೆ ಮಾತ್ರ ಸಲ್ಲುವ ಮಾತೆಂದು ಕೆಲವರು ಆಕ್ಷೇಪಿಸಬಹುದು. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಪ್ರಾಚೀನ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನ್ನ ಮೊದಲನೆಯ ಪರಿಚ್ಛೇದವನ್ನು ದೋಷವಿಚಾರಕ್ಕೆ ಮೀಸಲಾಗಿರಿಸಿದೆ. ಅಲ್ಲಿ ದೋಷವನ್ನು ಎತ್ತಿ ತೋರಿಸುವುದು ಆಗಲೇ ಬರೆದು ಮುಗಿಸಿದ ಕವಿಗಳನ್ನು ಹೀಗಳೆಯುವುದಕ್ಕಾಗಿ ಅಲ್ಲ, ಮುಂದೆ ಬರೆಯಲಿರುವವರು ಎಡವದಿರಲೆಂದು. ಎಂದರೆ, ಕೃತಿಯು ಹುಟ್ಟುವುದಕ್ಕೆ ಮೊದಲೇ ಅದರ ದೋಷವನ್ನು ನಿವಾರಿಸಬೇಕೆಂಬ ಉದ್ದೇಶ ನಮ್ಮ ವಿಮರ್ಶೆಯ ಆರಂಭದಲ್ಲಿಯೇ ಇದೆ. ವಿನ್ಯಾಸ ವಿಮರ್ಶೆಯ ಉದ್ದೇಶವೂ ಇದೇ. ಆದರೆ ಒಂದು ಭೇದವುಂಟು. ಕಾವ್ಯದ ದೋಷ ಕಾವ್ಯವನ್ನು ಕೆಡಿಸುತ್ತದೆ; ವಿನ್ಯಾಸದ ದೋಷ, ಆ ನಕ್ಷೆಯನ್ನು ಎಂದೂ ಕಾಣದ ಜನರ ಹೊಲವನ್ನೋ ಪ್ರಾಣವನ್ನೋ ಕೆಡಿಸುತ್ತದೆ. ಆದುದರಿಂದಲೇ ಇದರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಕೇವಲ ಪರಿಭಾಷೆಯ ಪ್ರಶ್ನೆಯಲ್ಲ.

ಈ ವಿಚಾರವನ್ನು ಅಮೂರ್ತವಾಗಿ ಬೆಳೆಸುವುದಕ್ಕಿಂತ, ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯ ಕೆಲವು ನಿದರ್ಶನಗಳನ್ನು ಆಧಾರವಾಗಿಟ್ಟುಕೊಂಡು ನಡೆಸುವುದು ಯುಕ್ತವೆಂದು ತೋರುತ್ತದೆ.

೨

ಮೊದಲು ಈ ಪದ್ಧತಿಯ ಅವಶ್ಯಕತೆ ಹೇಗೆ ಉಂಟಾಯಿತೆಂಬುದನ್ನು ನೋಡೋಣ. ಎರೆಭೂಮಿಯ ರೈತನ ಕೂರಿಗೆಯನ್ನು ತೆಗೆದುಕೊಳ್ಳಬಹುದು. ದಿಂಡು, ತಾಳು, ಬಟ್ಟಲು, ಬಿದಿರಿನ ಕೊಳವೆ ಇವುಗಳಿಂದ ಕೂಡಿದ ಈ ಸಾಧನ ನೋಡುವುದಕ್ಕೆ ಸರಳ. ಆದರೆ ತಾಳುಗಳ ಅಂತರ ಬೆಳೆಗೆ ತಕ್ಕಂತಿರಬೇಕು, ಅವುಗಳ ಇಳಿಜಾರು ಮಣ್ಣಿನ ಹದಕ್ಕೆ ಹೊಂದಬೇಕು, ಬಟ್ಟಲಿನ ರಂಧ್ರಗಳಿಂದ ಕಾಳು ಸಮನಾಗಿ ಇಳಿಯಬೇಕು. ಇದನ್ನು ಮಾಡುವ ಬಡಿಗನೂ ಬಳಸುವ ರೈತನೂ ಒಂದೇ ಊರಿನವರು. ಬಿತ್ತನೆಯಲ್ಲಿ ಕೂರಿಗೆ ಒಂದು ಕಡೆಗೆ ವಾಲಿದರೆ ಸಂಜೆಯೊಳಗಾಗಿ ಆ ಸುದ್ದಿ ಬಡಿಗನ ಅಂಗಳಕ್ಕೆ ಬರುತ್ತದೆ. ಮರುವರ್ಷದ ಕೂರಿಗೆಯಲ್ಲಿ ಆ ದೋಷ ಇರುವುದಿಲ್ಲ. ಇಲ್ಲಿ ವಿನ್ಯಾಸಕ, ನಿರ್ಮಾಪಕ, ವಿಮರ್ಶಕ, ಬಳಕೆದಾರ ಇವರ ನಡುವೆ ಅಂತರವಿಲ್ಲ. ಆದುದರಿಂದ ಪ್ರತ್ಯೇಕವಾದ ವಿಮರ್ಶಾಸಭೆಯೂ ಬೇಕಿಲ್ಲ. ವರ್ಷ ವರ್ಷದ ಬಿತ್ತನೆಯೇ ಸಭೆ.

ಕೈಗಾರಿಕೆಯ ಯುಗದಲ್ಲಿ ಈ ಸಂಬಂಧ ಕಡಿದುಹೋಯಿತು. ನಕ್ಷೆಯನ್ನು ಬರೆಯುವವನು ಒಂದೂರಿನಲ್ಲಿ, ಉಕ್ಕನ್ನು ಕತ್ತರಿಸುವವನು ಇನ್ನೊಂದೂರಿನಲ್ಲಿ, ಜೋಡಿಸುವವನು ಮತ್ತೊಂದೆಡೆ. ಅದರ ಫಲವನ್ನು ಉಣ್ಣುವವನು ಇವರಾರನ್ನೂ ಕಾಣದವನು. ಅಲ್ಲದೆ, ಕೂರಿಗೆಯಂತೆ ಪ್ರತಿವರ್ಷ ತಿದ್ದಿಕೊಳ್ಳುವ ಅವಕಾಶ ಅಣೆಕಟ್ಟಿಗಿಲ್ಲ. ಅದು ಒಂದೇ ಸಲ ಕಟ್ಟುವ ವಸ್ತು. ಅನುಭವವು ಬಂದು ತಿದ್ದುವವರೆಗೆ ಕಾಯಲಾಗದ ಕಡೆ, ಅನುಭವಿಗಳನ್ನು ಮೊದಲೇ ಕರೆತಂದು ನಕ್ಷೆಯ ಮುಂದೆ ಕೂರಿಸಬೇಕು. ಬಡಿಗನ ಅಂಗಳದಲ್ಲಿ ತಾನಾಗಿ ನಡೆಯುತ್ತಿದ್ದ ಸಂವಾದವನ್ನು ಪ್ರಯತ್ನಪೂರ್ವಕವಾಗಿ ಮರಳಿ ಸ್ಥಾಪಿಸುವುದೇ ವಿನ್ಯಾಸ ವಿಮರ್ಶೆಯ ಮೂಲಾರ್ಥ.

೩

ಈಗ ಪ್ರಚಲಿತವಾದ ಲಕ್ಷಣವನ್ನು ಪರೀಕ್ಷಿಸೋಣ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೮೭ರಲ್ಲಿ ಮೊದಲು ಪ್ರಕಟಿಸಿದ ‘ಐ.ಎಸ್.ಒ. ೯೦೦೧’ ಎಂಬ ಗುಣಮಟ್ಟದ ಮಾನಕವು ಇಂದು ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಬಳಕೆಯಲ್ಲಿದೆ. ವಿಮರ್ಶೆ, ತಾಳೆನೋಟ, ಸಿಂಧುತ್ವ ಪರೀಕ್ಷೆ ಎಂಬ ಮೂರು ಕಾರ್ಯಗಳನ್ನು ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಈ ವಿಭಾಗ ಉಪಯುಕ್ತವಾದುದು. ಕೊಟ್ಟ ಅಳತೆಗಳಿಗೆ ವಿನ್ಯಾಸ ಹೊಂದುವುದೆ ಎಂದು ನೋಡುವುದು ತಾಳೆನೋಟ. ತಯಾರಾದ ವಸ್ತು ಬಳಕೆದಾರನ ಅಗತ್ಯಕ್ಕೆ ಒದಗುವುದೆ ಎಂದು ನೋಡುವುದು ಸಿಂಧುತ್ವ ಪರೀಕ್ಷೆ. ಕೂರಿಗೆಯ ತಾಳುಗಳ ನಡುವೆ ಹೇಳಿದಷ್ಟೇ ಅಂತರವಿದೆಯೆ ಎಂದು ಅಳೆಯುವುದು ಮೊದಲನೆಯದು. ಹೊಲದಲ್ಲಿ ಬಿತ್ತಿ ನೋಡುವುದು ಎರಡನೆಯದು. ವಿಮರ್ಶೆ ಇವೆರಡೂ ಅಲ್ಲ. ಅದು ಅಳತೆಗೂ ಬಿತ್ತನೆಗೂ ಮುಂಚಿನ, ಬುದ್ಧಿಯಿಂದ ಮಾತ್ರ ಮಾಡಬಹುದಾದ ವಿಚಾರ.

ಆದರೆ ಆ ಮಾನಕಮಾಲೆಯ ಪರಿಭಾಷೆಯಲ್ಲಿ, ಗೊತ್ತುಪಡಿಸಿದ ಗುರಿಗಳನ್ನು ಸಾಧಿಸುವುದಕ್ಕೆ ವಸ್ತುವು ತಕ್ಕುದಾಗಿದೆಯೆ, ಸಾಕಷ್ಟಿದೆಯೆ, ಫಲಕಾರಿಯೆ ಎಂದು ನಿರ್ಣಯಿಸುವುದೇ ವಿಮರ್ಶೆ ಎಂಬರ್ಥದ ಲಕ್ಷಣ ಹೇಳಿದೆ. ಈ ಲಕ್ಷಣದಲ್ಲಿ ಒಂದು ಅವ್ಯಾಪ್ತಿದೋಷ ನಮಗೆ ಕಾಣುತ್ತದೆ. ಗುರಿಗಳನ್ನು ಗೊತ್ತುಪಡಿಸಿಯಾಯಿತು ಎಂಬ ಊಹೆಯ ಮೇಲೆ ಅದು ನಿಂತಿದೆ. ಗೊತ್ತುಪಡಿಸಿದವರು ಯಾರು? ಗುರಿಗಳ ಪಟ್ಟಿಯಲ್ಲಿ ಬಿಟ್ಟುಹೋದುದೇನು? ವಸ್ತುವಿನ ಆಯುಷ್ಯದ ನಡುವೆ ಗುರಿಯೇ ಬದಲಾದರೆ ಗತಿಯೇನು? ಈ ಪ್ರಶ್ನೆಗಳನ್ನು ಕೇಳುವ ಹಕ್ಕನ್ನು ಆ ಲಕ್ಷಣವು ವಿಮರ್ಶಕನಿಗೆ ಸ್ಪಷ್ಟವಾಗಿ ಕೊಡುವುದಿಲ್ಲ. ಕವಿಯು ಆರಿಸಿಕೊಂಡ ವಸ್ತುವನ್ನು ಪ್ರಶ್ನಿಸದೆ ಛಂದಸ್ಸನ್ನು ಮಾತ್ರ ಎಣಿಸುವ ವಿಮರ್ಶಕನಂತೆ, ಇಂತಹ ವಿನ್ಯಾಸ ವಿಮರ್ಶಕನು ಗಣಿತವನ್ನು ಸರಿಯೆಂದು ಹೇಳಿ ಎದ್ದುಹೋಗಬಹುದು.

೪

ಮೇಲಿನ ಮಾತಿಗೆ ದೇವಸುಗೂರಿನ ನಿದರ್ಶನ ಒದಗುತ್ತದೆ. ಸುಗೂರೇಶ್ವರನ ಕ್ಷೇತ್ರವೆಂದು ಪ್ರಸಿದ್ಧವಾದ, ಕೃಷ್ಣೆಯ ದಡದ ಈ ಊರಿನ ಪಕ್ಕದಲ್ಲಿ, ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅದರ ಮೊದಲನೆಯ ಘಟಕ ೧೯೮೫ರಲ್ಲಿ ಕಾರ್ಯಾರಂಭ ಮಾಡಿತು. ೨೦೦೨ರ ಹೊತ್ತಿಗೆ ತಲಾ ೨೧೦ ಮೆಗಾವಾಟ್ ಸಾಮರ್ಥ್ಯದ ಏಳು ಘಟಕಗಳು ಪೂರ್ಣವಾದವು. ೨೦೧೦ರಲ್ಲಿ ೨೫೦ ಮೆಗಾವಾಟಿನ ಎಂಟನೆಯ ಘಟಕ ಸೇರಿ, ಒಟ್ಟು ಸಾಮರ್ಥ್ಯ ೧೭೨೦ ಮೆಗಾವಾಟ್ ಆಯಿತು.

ಏಳು ಘಟಕಗಳಿಗೂ ಒಂದೇ ಸಾಮರ್ಥ್ಯವೆಂಬುದು ಗಮನಾರ್ಹ. ಒಮ್ಮೆ ಸಿದ್ಧವಾದ ಮಾದರಿಯನ್ನು ಮತ್ತೆ ಮತ್ತೆ ಸ್ಥಾಪಿಸುವುದರಿಂದ ವೆಚ್ಚವೂ ಕಾಲವೂ ಉಳಿಯುತ್ತವೆ. ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ. ನಡೆಸುವವರಿಗೆ ಅಭ್ಯಾಸವೂ ಆಗಿರುತ್ತದೆ. ಇಂತಹ ಕಡೆ ಮರುವಿಮರ್ಶೆ ಅನವಶ್ಯಕವೆಂದು ಸಾಮಾನ್ಯವಾಗಿ ತಿಳಿಯುವುದುಂಟು. ಈ ತಿಳಿವಳಿಕೆ ಅರ್ಧಸತ್ಯ. ನಕ್ಷೆ ಅದೇ ಆಗಿರಬಹುದು. ನಕ್ಷೆಯು ನಂಬಿಕೊಂಡ ಸಂದರ್ಭ ಅದೇ ಆಗಿರಬೇಕೆಂದಿಲ್ಲ. ಕಲ್ಲಿದ್ದಲಿನ ಬಾಯ್ಲರನ್ನು ಒಂದು ಗೊತ್ತಾದ ಕಲ್ಲಿದ್ದಲಿಗಾಗಿ ವಿನ್ಯಾಸ ಮಾಡುತ್ತಾರೆ. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ನೂರಕ್ಕೆ ನಲವತ್ತರ ಆಸುಪಾಸಿನಲ್ಲಿರುವುದು ಸಾಮಾನ್ಯ. ಅದೂ ಗಣಿಯಿಂದ ಗಣಿಗೆ ವ್ಯತ್ಯಾಸವಾಗುತ್ತದೆ. ಬೂದಿ ಹೆಚ್ಚಿದಷ್ಟೂ ಕೊಳವೆಗಳ ಸವೆತ ಹೆಚ್ಚುತ್ತದೆ, ಹೊಗೆಯಿಂದ ದೂಳನ್ನು ಹಿಡಿಯುವ ವಿದ್ಯುತ್ ಸಾಧನದ ಹೊರೆ ಏರುತ್ತದೆ, ಬೂದಿಯನ್ನು ಶೇಖರಿಸುವ ಕೊಳದ ವಿಸ್ತಾರ ಬೆಳೆಯುತ್ತದೆ. ಹೀಗಿರಲು, ಯಂತ್ರ ಹಳೆಯದೇ ಆದರೂ ಅದಕ್ಕೆ ಹಾಕುವ ಕಲ್ಲಿದ್ದಲು ಬದಲಾದಾಗ ವಿನ್ಯಾಸದ ಪ್ರಶ್ನೆಗಳನ್ನು ಹೊಸದಾಗಿ ಕೇಳಲೇಬೇಕಾಗುತ್ತದೆ.

ಗುರಿಯೇ ಬದಲಾಗುವುದಕ್ಕೂ ಇಲ್ಲಿಯೇ ಸಾಕ್ಷಿಯುಂಟು. ಮೊದಲು ಇಂತಹ ಘಟಕಗಳ ಹೊಗೆಯಲ್ಲಿ ಒಂದು ಘನಮೀಟರಿಗೆ ೧೫೦ ಮಿಲಿಗ್ರಾಂವರೆಗೆ ದೂಳಿಗೆ ಅವಕಾಶವಿತ್ತು. ಕೇಂದ್ರ ಪರಿಸರ ಮಂತ್ರಾಲಯವು ೨೦೧೫ರ ಡಿಸೆಂಬರಿನಲ್ಲಿ ಪ್ರಕಟಿಸಿದ ನಿಯಮಗಳಂತೆ, ೨೦೦೩ರ ಅಂತ್ಯಕ್ಕೆ ಮೊದಲು ಸ್ಥಾಪಿತವಾದ ಘಟಕಗಳಿಗೆ ೧೦೦, ಅನಂತರ ೨೦೧೬ರವರೆಗಿನವುಗಳಿಗೆ ೫೦ ಮಿಲಿಗ್ರಾಂ ಎಂದು ಮಿತಿ ಗೊತ್ತಾಯಿತು. ಇದರಿಂದ, ಒಂದೇ ಆವರಣದಲ್ಲಿ ನಿಂತ ಎಂಟು ಘಟಕಗಳ ಪೈಕಿ ಏಳಕ್ಕೆ ಒಂದು ಅಳತೆ, ಎಂಟನೆಯದಕ್ಕೆ ಇನ್ನೊಂದು ಅಳತೆ ಅನ್ವಯಿಸುವಂತಾಯಿತು. ಎಂಬತ್ತರ ದಶಕದ ವಿಮರ್ಶಕರು ಈ ನಿಯಮವನ್ನು ಊಹಿಸಬೇಕಾಗಿತ್ತೆಂದು ಹೇಳುವುದು ಅನ್ಯಾಯ. ಆದರೆ ನಿಯಮ ಮುಂದೊಮ್ಮೆ ಬಿಗಿಯಾಗಬಹುದು, ಆಗ ಹೆಚ್ಚಿನ ಸಾಧನವನ್ನು ಇಡಲು ಸ್ಥಳವುಂಟೆ ಎಂಬ ಪ್ರಶ್ನೆಯನ್ನು ಯಾವ ಕಾಲದ ವಿಮರ್ಶಕನೂ ಕೇಳಬಹುದು. ಭವಿಷ್ಯವನ್ನು ತಿಳಿಯುವುದು ವಿಮರ್ಶಕನ ಕರ್ತವ್ಯವಲ್ಲ. ಭವಿಷ್ಯಕ್ಕೆ ಎಡೆಯಿಟ್ಟಿದೆಯೆ ಎಂದು ವಿಚಾರಿಸುವುದು ಅವನ ಕರ್ತವ್ಯ.

೫

ದೇವಸುಗೂರಿನಿಂದ ಜಿಲ್ಲೆಯ ಇನ್ನೊಂದು ಎಲ್ಲೆಯಾದ ತುಂಗಭದ್ರೆಯ ಕಡೆಗೆ ಹೊರಳಿದರೆ, ವಿನ್ಯಾಸ ವಿಮರ್ಶೆಯ ಶಕ್ತಿ, ಮಿತಿ ಎರಡೂ ಒಂದೇ ನಿರ್ಮಾಣದಲ್ಲಿ ಕಾಣಸಿಗುತ್ತವೆ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿಗೆ ೧೯೪೫ರ ಫೆಬ್ರವರಿ ೨೮ರಂದು ಅಸ್ತಿಭಾರ ಬಿದ್ದಿತು. ಅದು ಮದರಾಸು, ಹೈದರಾಬಾದು ಎಂಬ ಎರಡು ಸರ್ಕಾರಗಳ ಕೂಡುಕೆಲಸ. ವಿನ್ಯಾಸದ ಕೆಲವು ಅಂಶಗಳಲ್ಲಿ ಎರಡು ಕಡೆಯ ಇಂಜಿನಿಯರುಗಳಿಗೂ ಭಿನ್ನಾಭಿಪ್ರಾಯವುಂಟಾಯಿತು; ರಾಜಕೀಯ ಪರಿವರ್ತನೆಗಳೂ ಅದರೊಡನೆ ಕೂಡಿ ಕೆಲಸ ಕುಂಠಿತವಾಯಿತು. ಕಡೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಆರು ಮಂದಿ ಇಂಜಿನಿಯರುಗಳ ಮಂಡಲಿಯು ಯೋಜನೆಯನ್ನು ವಿಚಾರಿಸಿ, ೧೯೪೯ರಲ್ಲಿ ಅದನ್ನು ಮತ್ತೆ ದಾರಿಗೆ ತಂದಿತು. ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು.

ಆ ಮಂಡಲಿಯಲ್ಲಿ ಮದರಾಸಿನ ಕಡೆಯಿಂದ ಯೋಜನೆಯ ಹೊಣೆ ಹೊತ್ತಿದ್ದ ತಿರುಮಲೆ ಅಯ್ಯಂಗಾರರೂ ಇದ್ದರು. ಆದರೆ ಅಧ್ಯಕ್ಷಪೀಠದಲ್ಲಿ ಎರಡು ಪಕ್ಷಕ್ಕೂ ಸೇರದ, ಇಬ್ಬರೂ ಗೌರವಿಸುವ ಹಿರಿಯರೊಬ್ಬರಿದ್ದರು. ವಿನ್ಯಾಸಕನನ್ನು ಹೊರಗಿಡದೆ, ಅವನನ್ನೇ ನ್ಯಾಯಾಧೀಶನನ್ನಾಗಿಯೂ ಮಾಡದೆ ನಡೆಸುವ ವಿಮರ್ಶೆಗೆ ಇದು ಒಳ್ಳೆಯ ಮಾದರಿ. ಭಿನ್ನಾಭಿಪ್ರಾಯವು ಕಾಗದದ ಮೇಲಿರುವಾಗಲೇ ಬಗೆಹರಿಯಿತೆಂಬುದು ಅದರ ಫಲ.

ಇನ್ನು ಮಿತಿಯ ವಿಚಾರ. ಈ ಅಣೆಕಟ್ಟಿಗೆ ೬೦ ಅಡಿ ಅಗಲ, ೨೦ ಅಡಿ ಎತ್ತರದ ೩೩ ಬಾಗಿಲುಗಳು. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿ ನಿಂತಿತ್ತು. ಬಾಗಿಲಿನ ಮುಂದೆ ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸುವ ಏರ್ಪಾಡು ಈ ಅಣೆಕಟ್ಟಿನಲ್ಲಿ ಇರಲಿಲ್ಲ. ಉಳಿದ ಬಾಗಿಲುಗಳ ಮೇಲಣ ಒತ್ತಡವನ್ನು ಇಳಿಸುವುದಕ್ಕಾಗಿ ಸಂಗ್ರಹವಾದ ನೀರನ್ನು ನದಿಗೆ ಬಿಡಬೇಕಾಯಿತು. ಬಾಗಿಲುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ತಡೆಹಲಗೆಗಳನ್ನು ಅವಸರದಲ್ಲಿ ತಯಾರಿಸಿ, ಹರಿಯುವ ನೀರಿನಲ್ಲಿಯೇ ಇಳಿಸಿ, ಸುಮಾರು ಒಂದು ವಾರದೊಳಗೆ ಆ ತೆರಪನ್ನು ಮುಚ್ಚಲಾಯಿತು. ಅನಂತರ ತಜ್ಞರ ಸಮಿತಿಯು ೩೩ ಬಾಗಿಲುಗಳನ್ನೂ ಬದಲಾಯಿಸಬೇಕೆಂದು ಸಲಹೆಮಾಡಿತು. ೨೦೨೫ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ಣ ತುಂಬಿಸದೆ ಸಂಗ್ರಹವನ್ನು ಸುಮಾರು ೮೦ ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು.

ಸುಮಾರು ಎಪ್ಪತ್ತು ವರ್ಷ ದುಡಿದ ಬಾಗಿಲಿನ ವಿನ್ಯಾಸ ಕೆಟ್ಟದ್ದಾಗಿತ್ತೆಂದು ಹೇಳುವುದು ಕೃತಘ್ನತೆಯಾದೀತು. ನಾವು ಹೇಳುವುದಿಷ್ಟು: ಬಾಗಿಲು ನೀರನ್ನು ಹಿಡಿಯುವುದೆ ಎಂಬ ಪ್ರಶ್ನೆಗೆ ಆ ವಿನ್ಯಾಸದಲ್ಲಿ ಉತ್ತರವಿತ್ತು, ಬಾಗಿಲು ಹೋದರೆ ಅದರ ಸ್ಥಾನದಲ್ಲಿ ಏನನ್ನು ಇಡುವುದು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಅಲ್ಲದೆ, ನಡುವಣ ದಶಕಗಳಲ್ಲಿ ಆ ಪ್ರಶ್ನೆಯನ್ನು ಕೇಳಿ ಉತ್ತರವನ್ನು ಸಿದ್ಧಪಡಿಸಿಕೊಳ್ಳಲು ಅವಕಾಶವಿತ್ತು. ವಿನ್ಯಾಸ ವಿಮರ್ಶೆಯನ್ನು ನಿರ್ಮಾಣದ ಮುನ್ನಾದಿನ ಮುಗಿದುಹೋಗುವ ವಿಧಿಯೆಂದು ತಿಳಿದುದರ ಫಲ ಇದು. ವಸ್ತುವಿನ ಆಯುಷ್ಯದುದ್ದಕ್ಕೂ ಅದನ್ನು ಕಾಲಕಾಲಕ್ಕೆ ನಡೆಸಬೇಕು.

ಈ ಪ್ರಶ್ನೆಯಿಂದ ಯಾರಿಗೆ ನಷ್ಟವೆಂಬುದನ್ನು ಮರೆಯಬಾರದು. ಇನ್ನೂರು ಕಿಲೋಮೀಟರಿಗೂ ಮೀರಿದ ಎಡದಂಡೆ ಕಾಲುವೆಯ ಕೆಳತುದಿಯಲ್ಲಿ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರಿದ್ದಾರೆ. ನೀರು ಸಮೃದ್ಧವಾಗಿರುವ ವರ್ಷದಲ್ಲಿಯೂ ಅವರ ಪಾಲು ಕೊನೆಗೆ ಬರುವುದು, ಕೊರತೆಯ ವರ್ಷದಲ್ಲಿ ಮೊದಲು ನಿಲ್ಲುವುದು. ಬಾಗಿಲು ಕೊಚ್ಚಿಹೋದ ಸುದ್ದಿ ಬಂದಾಗ ಎರಡನೆಯ ಬೆಳೆಗೆ ನೀರುಂಟೆ ಎಂದು ಕಳವಳಪಟ್ಟವರು ಇವರು. ಸರಪಳಿಯ ಒಂದು ಕೊಂಡಿಗೂ ಮಾನ್ವಿಯ ಗದ್ದೆಗೂ ಇರುವ ಈ ಸಂಬಂಧ ಯಾವ ನಕ್ಷೆಯಲ್ಲಿಯೂ ಬರೆದಿರುವುದಿಲ್ಲ. ಅದನ್ನು ವಿಮರ್ಶಕನು ತನ್ನ ಮನಸ್ಸಿನಲ್ಲಿ ಬರೆದುಕೊಂಡು ಸಭೆಗೆ ಬರಬೇಕು.

೬

ವಿಮರ್ಶೆ ಇಲ್ಲದಿರುವುದಕ್ಕಿಂತ ಹೆಸರಿಗೆ ಮಾತ್ರ ಇರುವುದು ಹೆಚ್ಚು ಅಪಾಯಕರ. ಇದಕ್ಕೆ ಹೊರಗಿನ ನಿದರ್ಶನವೊಂದನ್ನು ಕೊಡಬೇಕಾಗುತ್ತದೆ. ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ೧೯೮೧ರ ಜುಲೈ ೧೭ರಂದು ತೂಗುದಾರಿಗಳು ಕುಸಿದು ೧೧೪ ಮಂದಿ ಸತ್ತರು. ಮೂಲ ವಿನ್ಯಾಸದಲ್ಲಿ ಎರಡನೆಯ ಮತ್ತು ನಾಲ್ಕನೆಯ ಅಂತಸ್ತಿನ ದಾರಿಗಳೆರಡನ್ನೂ ಮೇಲ್ಛಾವಣಿಯಿಂದ ಇಳಿಬಿದ್ದ ಒಂದೇ ಉದ್ದದ ಸರಳುಗಳು ಹೊರಬೇಕಾಗಿತ್ತು. ತಯಾರಿಕೆಯ ಅನುಕೂಲಕ್ಕಾಗಿ ಒಂದರ ಬದಲು ಎರಡು ಗಿಡ್ಡ ಸರಳುಗಳೆಂದು ಬದಲಾವಣೆಯಾಯಿತು: ಮೇಲಿನ ದಾರಿ ಛಾವಣಿಗೆ, ಕೆಳಗಿನ ದಾರಿ ಮೇಲಿನ ದಾರಿಗೆ ತೂಗುವಂತಾಯಿತು. ಒಬ್ಬನು ಹಗ್ಗವನ್ನು ಹಿಡಿದು ತೂಗುತ್ತಿರುವಾಗ ಮತ್ತೊಬ್ಬನು ಅದೇ ಹಗ್ಗವನ್ನು ಹಿಡಿಯುವ ಬದಲು ಮೊದಲನೆಯವನ ಕಾಲನ್ನು ಹಿಡಿದಂತೆ ಆಯಿತು. ಮೇಲಿನ ದಾರಿಯ ತೊಲೆಗೂ ಸರಳಿಗೂ ನಡುವಣ ಕೂಡುಸ್ಥಾನದ ಹೊರೆ ಇಮ್ಮಡಿಯಾಯಿತು. ಮೂಲ ವಿನ್ಯಾಸವೇ ನಿಯಮಕ್ಕೆ ಬೇಕಾದ ಬಲಕ್ಕಿಂತ ಕಡಮೆಯಾಗಿತ್ತು. ಬದಲಾವಣೆ ಅದನ್ನು ಇನ್ನೂ ಕೆಡಿಸಿತು. ಬದಲಾದ ನಕ್ಷೆಯ ಮೇಲೆ ಇಂಜಿನಿಯರರ ಮೊಹರು ಬಿದ್ದಿತ್ತು. ಆ ಕೂಡುಸ್ಥಾನದ ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಇಲ್ಲಿ ತಯಾರಕನು ಮೊಹರನ್ನು ನಂಬಿದನು, ಮೊಹರು ಹಾಕಿದವರು ತಯಾರಕನನ್ನು ನಂಬಿದರು. ಎರಡು ನಂಬಿಕೆಗಳ ನಡುವೆ ವಿಚಾರಕ್ಕೆ ಸ್ಥಳವಿಲ್ಲದಂತಾಯಿತು. ಮೊಹರು ಇಲ್ಲದಿದ್ದರೆ ಯಾರಾದರೂ ಸಂಶಯಪಟ್ಟಾರು. ಮೊಹರು ಇದ್ದುದರಿಂದ ಸಂಶಯವೂ ನಿದ್ರೆಹೋಯಿತು. ಸಣ್ಣ ಬದಲಾವಣೆಯೆಂದು ತೋರುವುದನ್ನೂ ಹೊಸ ವಿನ್ಯಾಸವೆಂದೇ ಎಣಿಸಿ ವಿಮರ್ಶಿಸಬೇಕೆಂಬ ನಿಯಮ ಇದರಿಂದ ಸಿದ್ಧಿಸುತ್ತದೆ.

೭

ವಿನ್ಯಾಸ ವಿಮರ್ಶೆಯ ವಿರುದ್ಧವೂ ಕೆಲವು ಮಾತುಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಸಭೆಗಳಿಂದ ಕಾಲಹರಣವಾಗುತ್ತದೆ, ಹತ್ತು ಮಂದಿಯ ಅಭಿಪ್ರಾಯಕ್ಕೆ ಬಗ್ಗಿದ ವಿನ್ಯಾಸ ತನ್ನ ಸ್ವಂತಿಕೆಯನ್ನು ಕಳೆದುಕೊಳ್ಳುತ್ತದೆ, ಹೊಣೆ ಎಲ್ಲರದೂ ಆಗಿ ಯಾರದೂ ಅಲ್ಲದಂತಾಗುತ್ತದೆ, ಎನ್ನುವರು. ಮೊದಲನೆಯ ಆಕ್ಷೇಪಕ್ಕೆ ತುಂಗಭದ್ರೆಯೇ ಉತ್ತರ: ಕಾಗದದ ಮೇಲೆ ಕಳೆದ ತಿಂಗಳುಗಳು ಕಲ್ಲಿನ ಮೇಲೆ ಕಳೆಯಬೇಕಾದ ವರ್ಷಗಳನ್ನು ಉಳಿಸುತ್ತವೆ. ಉಳಿದ ಎರಡಕ್ಕೆ ಉತ್ತರ ವಿಮರ್ಶೆಯ ಸ್ವರೂಪದಲ್ಲಿಯೇ ಇದೆ. ಒಳ್ಳೆಯ ಸಾಹಿತ್ಯ ವಿಮರ್ಶಕನು ಕವಿಯ ಲೇಖನಿಯನ್ನು ಕಿತ್ತುಕೊಂಡು ತಾನೇ ಪದ್ಯವನ್ನು ತಿದ್ದಿ ಬರೆಯುವುದಿಲ್ಲ. ದೋಷವನ್ನು ತೋರಿಸಿ ಸುಮ್ಮನಾಗುತ್ತಾನೆ. ಹಾಗೆಯೇ ವಿನ್ಯಾಸ ವಿಮರ್ಶಕನು ಪ್ರಶ್ನೆಯನ್ನು ಕೊಡಬೇಕು, ಪರಿಹಾರವನ್ನು ವಿನ್ಯಾಸಕನಿಗೆ ಬಿಡಬೇಕು. ಆಗ ವಿನ್ಯಾಸದ ಹೊಣೆ ವಿನ್ಯಾಸಕನಲ್ಲಿಯೇ ಉಳಿಯುತ್ತದೆ, ಸ್ವಂತಿಕೆಯೂ ಉಳಿಯುತ್ತದೆ.

ವಿಮಾನ, ಉಪಗ್ರಹಗಳ ಕೆಲಸದಲ್ಲಿ ಒಂದೇ ವಿನ್ಯಾಸವನ್ನು ಎರಡು ಹಂತಗಳಲ್ಲಿ ವಿಮರ್ಶಿಸುವ ವಾಡಿಕೆಯಿದೆ. ಮೂಲಕಲ್ಪನೆ ರೂಪುಗೊಂಡಾಗ ಪ್ರಾಥಮಿಕ ವಿಮರ್ಶೆ. ವಿವರಗಳೆಲ್ಲ ಪೂರ್ಣವಾಗಿ ತಯಾರಿಕೆಗೆ ಕೈಹಾಕುವ ಮುನ್ನ ನಿರ್ಣಾಯಕ ವಿಮರ್ಶೆ. ಈ ಕ್ರಮದಲ್ಲಿ ವಿವೇಕವಿದೆ. ಬೇಗನೆ ಮಾಡಿದರೆ ವಿಚಾರಿಸಲು ವಿಷಯ ಸಾಲದು. ತಡವಾಗಿ ಮಾಡಿದರೆ ತಿದ್ದಲು ಮನಸ್ಸಾಗಲಿ ಹಣವಾಗಲಿ ಉಳಿದಿರದು.

ಈ ಎರಡು ಹಂತಗಳ ಜೊತೆಗೆ, ಮೇಲೆ ಹೇಳಿದ ನಿದರ್ಶನಗಳಿಂದ ಮೂರನೆಯದೊಂದನ್ನು ಸೇರಿಸಬೇಕೆಂದು ನಮ್ಮ ಸೂಚನೆ. ವಸ್ತು ಬಳಕೆಗೆ ಬಂದ ಮೇಲೆ, ಅದರ ಕಲ್ಲಿದ್ದಲು ಬದಲಾದಾಗ, ಅದನ್ನಾಳುವ ನಿಯಮ ಬದಲಾದಾಗ, ಅದರ ಉಕ್ಕಿಗೆ ವಯಸ್ಸಾದಾಗ, ಮೂಲ ನಕ್ಷೆಗಳನ್ನು ಮತ್ತೆ ಬಿಚ್ಚಿ ಹಳೆಯ ಊಹೆಗಳು ಈಗಲೂ ನಿಲ್ಲುವುವೆ ಎಂದು ಕೇಳುವುದು ಆ ಮೂರನೆಯ ಹಂತ. ಆ ಸಭೆಯಲ್ಲಿ ನಕ್ಷೆ ಬರೆದವರ ಉತ್ತರಾಧಿಕಾರಿಗಳಷ್ಟೇ ಅಲ್ಲದೆ, ಬಾಯ್ಲರಿನ ಕೊಳವೆಯನ್ನು ಬೆಸೆಯುವವನೂ ಬಾಗಿಲಿನ ಸರಪಳಿಗೆ ಎಣ್ಣೆ ಹಾಕುವವನೂ ಕಾಲುವೆಯ ಕೊನೆಯ ರೈತನೂ ಇರಬೇಕು. ಬಡಿಗನ ಅಂಗಳದಲ್ಲಿ ಇವರೆಲ್ಲರ ಮಾತಿಗೂ ಸ್ಥಾನವಿತ್ತು. ವಸ್ತು ದೊಡ್ಡದಾಯಿತೆಂಬ ಕಾರಣಕ್ಕೆ ಆ ಸ್ಥಾನ ಇಲ್ಲವಾಗಬೇಕಾಗಿಲ್ಲ. ವಸ್ತು ದೊಡ್ಡದಾದಷ್ಟೂ ಅದರ ಅವಶ್ಯಕತೆ ಹೆಚ್ಚೆಂದೇ ತಿಳಿಯಬೇಕು.